ಸಮುದ್ರಕ್ಕೆ ಹೋದ ಅತ್ತೆ ಸೊಸೆ

ತೂಬಗೆರೆಯ ಸಪ್ಪಲಮ್ಮ ಅತ್ತೆಗೆ ಸಮುದ್ರ ತೋರಿಸಲೇಬೇಕೆಂದು ಮನಸ್ಸು ಮಾಡಿದ್ದು ತಾನು ಟೈಫಾಯಿಡ್‌ನಿಂದ ಎದ್ದ ವರ್ಷ, ಅಂದರೆ ಅರವತ್ತೊಂಬತ್ತರಲ್ಲಿ. ಅವಳು ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಮಲಗಿದ್ದಾಗ ಅತ್ತೆ ಪಾಪಮ್ಮ ಒಂದು ದಿನವೂ ಊರ ಕಡೆ ತಲೆ ಹಾಕಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತು ಗಂಜಿ ಕುಡಿಸುತ್ತಾ, ಹೊತ್ತು ಹೋಗಲೆಂದು ತನ್ನ ಅಪ್ಪನ ಕತೆ ಹೇಳುತ್ತಿದ್ದಳು. ಅವನು ಉಪ್ಪಿನ ಗಾಡಿ ಹೊಡೆಯುತ್ತಿದ್ದವನು. ಮದರಾಸಿಗೆ ಹೋಗಿ ಬಂದು, ಅಲ್ಲಿಯ ನೀರಿಗೆ ಆಚೆ ದಡವೇ ಇಲ್ಲ ಎಂದಿದ್ದನಂತೆ.

"ಆಚೆ ದಡ ಇಲ್ದಿರೋ ನೀರು ಹೆಂಗಿರ್ತೈತೋ, ಒಂದ್ಸಲ ನೋಡ್ಬೇಕಿತ್ತು ಕಣೆ" ಎಂದು ಪಾಪಮ್ಮ ನಗುತ್ತಿದ್ದಳು.

ಗಂಡ ಆಂಜಿನಪ್ಪನಿಗೆ ವಿಷಯ ಹೇಳಿದಾಗ ಅವನು ಗಾಬರಿಯಾದ. "ಮದ್ರಾಸಾ? ಅಷ್ಟು ದುಡ್ಡು ಎಲ್ಲೈತೆ?"

"ದುಡ್ಡಿನ ಮಾತು ನಂಗೆ ಬಿಡಿ. ನಾಲ್ಕು ದಿನ ಹಸ ನೋಡ್ಕೊಳ್ಳಿ, ಸಾಕು."

ಹಾಲು ಮಾರಿ ಕೂಡಿಟ್ಟಿದ್ದ ಹಣವಷ್ಟೇ ಅವಳ ಬಂಡವಾಳ. ಹುರಿಹಿಟ್ಟು, ಬೆಲ್ಲ, ಒಣರೊಟ್ಟಿ, ಚಟ್ನಿಪುಡಿ ಎಲ್ಲ ಒಂದೇ ಗಂಟು ಕಟ್ಟಿದಳು. ನಿಧಾನಕ್ಕೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿದರು. ಮದರಾಸಿನಲ್ಲಿ ಸ್ಟೇಷನ್ ಎದುರಿನ ಛತ್ರದಲ್ಲಿ ಒಂದು ಮೂಲೆ ಸಿಕ್ಕಿತು. ಅಲ್ಲಿ ತೆಲುಗಿನವರು ಬಹಳ, ಇಬ್ಬರಿಗೂ ತೆಲುಗು ಬರುತ್ತಿದ್ದುದರಿಂದ ಮಾತಿಗೆ ತೊಂದರೆಯಾಗಲಿಲ್ಲ. ಅಲ್ಲಿಯವರೆಗೆ ಎಲ್ಲವೂ ಅಂದುಕೊಂಡಂತೆಯೇ ನಡೆದಿತ್ತು. ಸಪ್ಪಲಮ್ಮನಿಗೆ ತನ್ನ ಜಾಣತನದ ಮೇಲೆ ತನಗೇ ಖುಷಿಯಾಗಿತ್ತು.

ಆ ಖುಷಿಯಲ್ಲೇ ಅವಳು ಎಡವಿದಳು. ಸಮುದ್ರಕ್ಕೆ ರಿಕ್ಷಾದವನು ಒಂದೂವರೆ ರೂಪಾಯಿ ಕೇಳಿದ. "ಇಷ್ಟೇ ಇಷ್ಟು ದೂರಕ್ಕೆ ಒಂದೂವರೆನಾ? ನಡಿ ಅತ್ತೆ, ನಡ್ಕೊಂಡೇ ಹೋಗೋಣ" ಎಂದಳು. ಪಾಪಮ್ಮ ಇಲ್ಲವೆನ್ನಲಿಲ್ಲ. ಬಿಸಿಲಿನಲ್ಲಿ ದಾರಿ ಕೇಳಿಕೊಂಡು ನಡೆದರು. ಅತ್ತೆ ಆಗಾಗ ನಿಂತು ಕಟ್ಟಡ ನೋಡುವಂತೆ ನಟಿಸುತ್ತಿದ್ದುದು ಮಂಡಿನೋವಿಗೆಂದು ಸೊಸೆಗೆ ಹೊಳೆಯಲೇ ಇಲ್ಲ.

ಕೊನೆಗೆ ಸಮುದ್ರ ಕಂಡಿತು. ಆದರೆ ರಸ್ತೆಗೂ ನೀರಿಗೂ ನಡುವೆ ತಮ್ಮೂರ ಕೆರೆಯಂಗಳದಷ್ಟು ಅಗಲ ಮರಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಪಾಪಮ್ಮನ ಕಾಲು ಹೂತುಕೊಂಡವು. ಅವಳು ಅಲ್ಲೇ ಕುಸಿದು ಕೂತಳು.

"ಇಲ್ಲಿಂದ್ಲೇ ಕಾಣ್ತೈತೆ ಬಿಡಮ್ಮ. ನೀನು ಹೋಗಿ ನೀರು ಮುಟ್ಟಿ ಬಾ" ಎಂದಳು.

ಅತ್ತೆ ಮಂಡಿ ನೀವಿಕೊಳ್ಳುವುದು ಆಗ ಸಪ್ಪಲಮ್ಮನಿಗೆ ಕಂಡಿತು. ಇಪ್ಪತ್ತೆರಡು ದಿನ ನೆಲದ ಮೇಲೆ ಕೂತ ಮಂಡಿಗಳು ಅವು. ಒಂದೂವರೆ ರೂಪಾಯಿಯ ಆಸೆಗೆ ಬಿದ್ದು, ಇಷ್ಟು ದೂರ ಕರೆತಂದು ಅತ್ತೆ ನೀರು ಮುಟ್ಟದ ಹಾಗೆ ಮಾಡಿಬಿಟ್ಟೆನಲ್ಲ!

ಸುತ್ತ ನೋಡಿದಳು. ನರೆತ ಮೀಸೆಯವನೊಬ್ಬ ಮಕ್ಕಳನ್ನು ಕೂರಿಸಿ ಸುತ್ತಿಸಲು ಗಿಡ್ಡ ಕುದುರೆ ಹಿಡಿದು ನಿಂತಿದ್ದ. ನೀರಿನ ತನಕ ಹೋಗಿ ಬರಲು ಒಂದು ರೂಪಾಯಿ ಎಂದ. ಬಸ್ಸಿನ ಕಂಡಕ್ಟರ್ ಹತ್ತಿರವೂ ಚೌಕಾಸಿ ಮಾಡುವ ಸಪ್ಪಲಮ್ಮ ಅಂದು ತುಟಿ ಪಿಟಕ್ ಎನ್ನದೆ ರೂಪಾಯಿ ಕೊಟ್ಟಳು.

"ಥೂ, ನಾಚ್ಕೆ ಆಗಲ್ವೇನೆ! ಈ ವಯಸ್ಸಲ್ಲಿ ಕುದ್ರೆನಾ?" ಎಂದಳು ಪಾಪಮ್ಮ.

"ಇಲ್ಲಿ ನಮ್ಮನ್ನ ಯಾರು ಬಲ್ಲೋರು? ಹತ್ತು ಅತ್ತೆ."

ಸೊಸೆಯೂ ಕುದುರೆಯವನೂ ಸೇರಿ ಅವಳನ್ನು ಹತ್ತಿಸಿದರು. ಕುದುರೆಯವನು ಲಗಾಮು ಹಿಡಿದು ಮುಂದೆ ನಡೆದ, ಸೊಸೆ ಅತ್ತೆಯ ಸೊಂಟ ಹಿಡಿದುಕೊಂಡು ಪಕ್ಕದಲ್ಲೇ ನಡೆದಳು. ಪಾಪಮ್ಮ ಮೊದಲು ಕಣ್ಣು ಮುಚ್ಚಿದ್ದಳು. ಆಮೇಲೆ ಒಂದು ಕಣ್ಣು ತೆರೆದಳು. ಅರ್ಧ ದಾರಿಗೆ ಬರುವಷ್ಟರಲ್ಲಿ ಸೆರಗು ಹಾರಿದ್ದೂ ಗೊತ್ತಾಗದಂತೆ ಕಿಲಕಿಲ ನಗತೊಡಗಿದ್ದಳು. ನೀರಿನ ಅಂಚಿನಲ್ಲಿ ಇಳಿಸಿದಾಗ ಅಲೆ ಬಂದು ಪಾದದ ಅಡಿಯ ಮರಳನ್ನು ಎಳೆದುಕೊಂಡು ಹೋಯಿತು. "ಅಯ್ಯೋ, ನೆಲಾನೇ ಓಡ್ತೈತಲ್ಲೇ!" ಎಂದು ಸೊಸೆಯನ್ನು ತಬ್ಬಿಕೊಂಡಳು. ಬೊಗಸೆಯಲ್ಲಿ ನೀರು ಹಿಡಿದು ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದಳು. ಮತ್ತೆ ಅಪ್ಪನನ್ನು ನೆನೆದು ಕೈಮುಗಿದಳು.

ಅವರು ನೀರಾಟ ಮುಗಿಸುವ ತನಕ ಕುದುರೆಯವನು ಅವಸರ ಮಾಡದೆ ಕಾದು, ರಸ್ತೆಯವರೆಗೆ ತಂದು ಬಿಟ್ಟ. ಛತ್ರಕ್ಕೆ ರಿಕ್ಷಾದಲ್ಲೇ ಹೋದರು.

ಮರುದಿನ ವಾಪಸು ಬರುವಾಗ ರೈಲು ಜೋಲಾರ್‌ಪೇಟೆಯಲ್ಲಿ ತುಂಬ ಹೊತ್ತು ನಿಂತಿತು. ಸಪ್ಪಲಮ್ಮ ಉಳಿದ ಹುರಿಹಿಟ್ಟನ್ನು ಕಲಸಲು ಹೊರಟಾಗ ಪಾಪಮ್ಮ ಕೈ ಹಿಡಿದು ತಡೆದಳು. ಸೆರಗಿನ ಗಂಟು ಬಿಚ್ಚಿ ಮಡಿಚಿದ ಐದು ರೂಪಾಯಿ ನೋಟು ತೆಗೆದಳು.

"ಕಷ್ಟಕ್ಕೆ ಇರ್ಲಿ ಅಂತ ತಂದಿದ್ದೆ. ಕಷ್ಟಾನೇ ಬರ್ಲಿಲ್ವಲ್ಲ. ಬಿಸಿ ಇಡ್ಲಿ ತಗಾ, ಕಾಫಿನೂ ತಗಾ."

"ಕಷ್ಟ ಬರ್ಲಿಲ್ವಾ? ನಿನ್ನ ಬಿಸಿಲಲ್ಲಿ ನಡೆಸಿ ಸಾಯಿಸ್ದೆ ನಾನು."

"ಸುಮ್ನಿರು. ನಿನ್ನಂಗೆ ಯಾರು ಕರ್ಕೊಂಡ್ ಹೋಗ್ತಿದ್ರು ನನ್ನ?"

ಸಪ್ಪಲಮ್ಮ, ತಾನು ಬದುಕಿ ಉಳಿದದ್ದಕ್ಕೆ, ಈ ಅತ್ತೆ ತನ್ನ ಪಾಲಿಗೆ ಬಂದದ್ದಕ್ಕೆ ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು. ಕಿಟಕಿಯ ಬಳಿ ಬಂದವನಿಂದ ಎರಡು ಪೊಟ್ಟಣ ಇಡ್ಲಿ, ಎರಡು ಕಾಫಿ ಕೊಂಡಳು. ಚಟ್ನಿ ಸ್ವಲ್ಪ ಹಳಸಿತ್ತು, ಇಡ್ಲಿ ಮಾತ್ರ ಹಬೆಯಾಡುತ್ತಿತ್ತು. ಇಬ್ಬರೂ ಚಟ್ನಿ ಬದಿಗೆ ಸರಿಸಿ, ಊರಿಂದ ತಂದ ಚಟ್ನಿಪುಡಿ ಹಚ್ಚಿಕೊಂಡು ಹೊಟ್ಟೆ ತುಂಬ ತಿಂದರು.