ಕಾಜುವಿಗೆ ಹಾಕಿದ ಪುಡಿಗಳು

ಚಂಡಮಾರುತ ಬರುತ್ತದೆಂದು ಹ್ಯೂಸ್ಟನ್ನಿಗೆ ಹ್ಯೂಸ್ಟನ್ನೇ ಮನೆ ಬಿಟ್ಟು ಹೊರಟ ಆ ಸೆಪ್ಟೆಂಬರಿನಲ್ಲಿ, ಕುಶಾಲ್ ತನ್ನ ಮಗಳ ಕುದುರೆಯನ್ನು ಟ್ರೇಲರಿಗೆ ಹತ್ತಿಸಿಕೊಂಡು ರೌಂಡ್ ರಾಕಿನ ಆಚೆ ಇರುವ ಬದರೀನಾಥರ ಮನೆ ಮುಟ್ಟಿದ. ಮೂರು ಗಂಟೆಯ ದಾರಿಗೆ ಹತ್ತೊಂಬತ್ತು ಗಂಟೆ ಹಿಡಿದಿತ್ತು. ಇಳಿದಾಗ ಕುದುರೆಯ ಕಾಲು ನಡುಗುತ್ತಿದ್ದವು.

ಬದರೀನಾಥರು ಹ್ಯೂಸ್ಟನ್ನಿನಲ್ಲಿ ಮೂವತ್ತು ವರ್ಷ ಡಾಕ್ಟರಿಕೆ ಮಾಡಿ, ನಿವೃತ್ತರಾದ ಮೇಲೆ ಇಲ್ಲಿ ಐದು ಎಕರೆ ಬಯಲು ಹಿಡಿದು ಕೂತವರು. ಕುಶಾಲ್ ಅಲ್ಲಿ ಅವರ ಪಕ್ಕದ ಮನೆಯವನು. ಕುದುರೆಯನ್ನು ಇಲ್ಲೇ ಬಿಟ್ಟು ಅವನು ಊರಿಗೆ ಮರಳಿದ ವಾರಕ್ಕೆ ಫೋನು ಬಂತು.

"ಅಂಕಲ್, ಮರ ಬಿದ್ದು ಬೇಲಿ, ಶೆಡ್ಡು ಎರಡೂ ಹೋಗಿದೆ. ಡಿಸೆಂಬರ್ ರಜ ತನಕ ಕಾಜು ನಿಮ್ಮಲ್ಲೇ ಇರಬಹುದಾ? ಹಂಸಾ ಊಟ ಮಾಡ್ತಿಲ್ಲ."

"ಕೇಳೋದೇನಪಾ ಇದರಾಗ? ನಿನ್ನ ಕುದರಿ ಅಂದ್ರ ನಮ್ಮ ಮನಿ ಕುದರಿ. ಹಂಗ ದುಂಡಗ ಮಾಡಿ ಕಳಸ್ತೀನಂತ ಹೇಳು ಆಕಿಗೆ."

ಗೋಡಂಬಿಯ ಬಣ್ಣದ ಕುದುರೆ ಅದು. ಕಾಜು ಎಂಬುದು ಕುಶಾಲನ ಹದಿನಾಲ್ಕು ವರ್ಷದ ಮಗಳು ಹಂಸಾಳೇ ಇಟ್ಟ ಹೆಸರು. ಬದರೀನಾಥರದು ಕುದುರೆ ಮುಖದ ದೇವರಿಗೆ ನಡೆದುಕೊಳ್ಳುವ ಮನೆತನ. ಕಡಲೆಬೇಳೆ ಬೆಲ್ಲದ ಹಯಗ್ರೀವವನ್ನು ನೈವೇದ್ಯಕ್ಕಿಟ್ಟು ಕೈಮುಗಿಯುವವರು. ಅಂಥವರ ಬಯಲಿಗೆ ಕುದುರೆ ತಾನಾಗಿ ನಡೆದು ಬಂದರೆ ಅದನ್ನು ಬರೀ ಪ್ರಾಣಿ ಎಂದು ನೋಡುವುದು ಹೇಗೆ?

ಹೆಂಡತಿ ಪದ್ಮಿನಿಗೆ ಒಂದೇ ಕೊರಗು.

"ಹಗಲು ರಾತ್ರಿ ಬಯಲಾಗ ನಿಂದರತದ. ಮ್ಯಾಲೆ ಸೂರಿಲ್ಲ. ತಿನ್ನಲಿಕ್ಕೆ ಬರೇ ಹುಲ್ಲು. ಮೈಗೆ ಹತ್ತತದೇನ್ರೀ ಅದು?"

"ಕುದರಿ ಹುಲ್ಲು ತಿನ್ನಲಿಕ್ಕೇ ಹುಟ್ಟೇದ."

"ಮಂದಿಗೆ ನೆಗಡಿ ಆದ್ರ ಸೈತ ಟಾನಿಕ್ ಬರದು ಕೊಟ್ಟವ್ರು ನೀವು. ಮನಿಗೆ ಬಂದ ಜೀವಕ್ಕ ಮಾತ್ರ ಹುಲ್ಲು!"

ಮಾತು ನಾಟಿತು. ಮರುದಿನವೇ ಅವರು ಜಾನುವಾರು ಮೇವಿನ ಅಂಗಡಿಗೆ ಹೋದರು. ಒಂದು ಗೋಡೆಯ ತುಂಬ ಡಬ್ಬಿಗಳು: ಸತು, ತಾಮ್ರ, ಸೆಲೆನಿಯಮ್, ವಿಟಮಿನ್ ಎ, ವಿಟಮಿನ್ ಇ. ಬಯಲಲ್ಲೇ ಇರುವ ಕುದುರೆಗೆ ಹುಲ್ಲಿನಲ್ಲಿ ಸಿಗದ್ದನ್ನು ಹೊರಗಿನಿಂದ ತುಂಬಿಕೊಡಬೇಕು ಎಂದ ಅಂಗಡಿಯವ. ಅದು ಬದರೀನಾಥರಿಗೆ ಗೊತ್ತಿದ್ದ ಭಾಷೆಯೇ. ಕನ್ನಡಕ ಏರಿಸಿಕೊಂಡು ಒಂದೊಂದು ಡಬ್ಬಿಯ ಬೆನ್ನನ್ನೂ ಓದಿದರು. ಪ್ರತಿಯೊಂದೂ ತನ್ನಷ್ಟಕ್ಕೆ ಮಿತಿಯೊಳಗೇ ಇತ್ತು. ಖನಿಜಗಳ ಪುಡಿಯ ಒಂದು ಡಬ್ಬಿ, ಬಯಲಲ್ಲಿ ಇಟ್ಟರೆ ಕುದುರೆ ತಾನೇ ನೆಕ್ಕಿಕೊಳ್ಳುವ ಕೆಂಪು ಉಪ್ಪಿನ ಇಟ್ಟಿಗೆ ಒಂದು, ತಂದರು.

ಡಬ್ಬಿಯೊಳಗೆ ಅಳತೆಯ ಚಮಚ ಇತ್ತು. ದಿನಕ್ಕೊಂದು ಚಮಚ. ಆದರೆ ಅಳೆಯುವ ಕೈ ಬಾಗಲಕೋಟೆಯ ಕಡೆಯದು. ಅವರ ತಾಯಿ ಯಾರಿಗೂ ಬೋಳು ಸೇರು ಅಳೆದವಳಲ್ಲ. ಅತಿಥಿಗಾಗಲಿ, ಆಕಳಿಗಾಗಲಿ, ಬಾಗಿಲಿಗೆ ಬಂದ ದಾಸಯ್ಯನಿಗಾಗಲಿ, ಸೇರಿನ ಮೇಲೆ ಶಿಖರ ನಿಲ್ಲಬೇಕು, ನಾಲ್ಕು ಕಾಳು ನೆಲಕ್ಕೆ ಉದುರಬೇಕು. ಕಂಠಕ್ಕೆ ಕೈ ಆಡಿಸಿ ಸಮ ಮಾಡಿ ಕೊಡುವುದು ಕೊಟ್ಟಂತಲ್ಲ, ತೂಗಿ ಕಳಿಸಿದಂತೆ. ಸಂಧ್ಯಾವಂದನೆ ಮುಗಿಸಿ ಬಾಲ್ದಿಯಲ್ಲಿ ತೌಡು ಕಲಸಿ, ಮೇಲೆ ಶಿಖರ ನಿಂತ ಚಮಚವನ್ನು ಸುರಿಯುವಾಗ ಅವರಿಗೆ ಅಭಿಷೇಕ ಮಾಡಿದಷ್ಟೇ ತೃಪ್ತಿ. "ಬಾರಪಾ ಬಾ, ನಾಷ್ಟಾ ಬಂತು" ಎನ್ನುವರು. ಕಾಜು ಬಯಲಿನ ಆ ತುದಿಯಿಂದ ಓಡಿ ಬರುವುದು.

ದೀಪಾವಳಿಯ ಹೊತ್ತಿಗೆ ಬಾಲದ ಕೂದಲು ಉದುರತೊಡಗಿತು. ಬೇಲಿಯ ತಂತಿಗೆ ಗೊಂಚಲು ಗೊಂಚಲು ಸಿಕ್ಕಿಕೊಂಡಿರುತ್ತಿತ್ತು.

"ಶಕ್ತಿ ಸಾಲವಲ್ದು ನೋಡ್ರಿ," ಎಂದಳು ಪದ್ಮಿನಿ.

ಕೂದಲು ಉದುರಿದರೆ ಏನೋ ಕೊರತೆ. ಮೂವತ್ತು ವರ್ಷ ಅವರು ಹಾಗೆಯೇ ತಿಳಿದವರು, ಹಾಗೆಯೇ ಬರೆದವರು. ಮತ್ತೆ ಅಂಗಡಿಗೆ ಹೋಗಿ ಕೂದಲಿಗೂ ಗೊರಸಿಗೂ ಆಗುವ ಪುಡಿಯೊಂದನ್ನು ತಂದರು. ಹದಿನೈದು ದಿನ ನೋಡಿ, ಕತ್ತಿನ ಜೂಲೂ ತೆಳ್ಳಗಾದದ್ದನ್ನು ಕಂಡು, ವಿಟಮಿನ್ ಇ ಇರುವ ಮೂರನೆಯದನ್ನು ತಂದರು. ಮೂರಕ್ಕೂ ಶಿಖರ. ಕಾಜು ಬಾಲ್ದಿಯ ತಳ ನೆಕ್ಕಿ ಅವರ ಅಂಗೈ ನೆಕ್ಕುತ್ತಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ ಅದು ಓಡಿ ಬರಲಿಲ್ಲ. ನಡೆದು ಬಂತು, ಮುಳ್ಳಿನ ಮೇಲೆ ಕಾಲಿಟ್ಟ ಹಾಗೆ.

ಕುದುರೆಗಳ ಡಾಕ್ಟರು ಬಂದರು. ಅರವತ್ತರ ಟೆಕ್ಸಸ್ ಹೆಂಗಸು, ಕಡಿಮೆ ಮಾತಿನವರು. ಗೊರಸನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಕೂದಲು ಮುಗಿದು ಗೊರಸು ಶುರುವಾಗುವ ಜಾಗದಲ್ಲಿ ಬಳೆಯ ಹಾಗೆ ಸುತ್ತಲೂ ಸೀಳು ಬಿಟ್ಟಿತ್ತು.

"ಏನೇನು ಕೊಡ್ತಿದ್ದೀರಿ?"

ಬದರೀನಾಥರು ಡಬ್ಬಿಗಳನ್ನು ತಂದು ಅವರ ಟ್ರಕ್ಕಿನ ಬಾನೆಟ್ಟಿನ ಮೇಲೆ ಸಾಲಾಗಿ ಇಟ್ಟರು. ಕೆಂಪು ಇಟ್ಟಿಗೆಯನ್ನೂ ತೋರಿಸಿದರು.

"ಎಷ್ಟೆಷ್ಟು?"

ಚಮಚ ತುಂಬಿ ತೋರಿಸಿದರು. ಆಕೆ ಅದರ ಮೇಲೆ ಬೆರಳು ಎಳೆದರು. ಉದುರಿದ್ದೇ ಅರ್ಧ ಚಮಚದಷ್ಟಿತ್ತು.

"ಸೆಲೆನಿಯಮ್," ಎಂದರು. "ನಾಲ್ಕರಲ್ಲೂ ಇದೆ. ಬೇಕಾಗೋದು ಎಳ್ಳಿನಷ್ಟೂ ಅಲ್ಲ. ಮೀರಿದರೆ ಮೊದಲು ಕೂದಲು ಹೋಗುತ್ತೆ, ಆಮೇಲೆ ಗೊರಸು. ರಕ್ತ ತಗೊಂಡು ಹೋಗಿ ನೋಡ್ತೀನಿ, ಆದರೆ ನನಗೆ ಅನುಮಾನ ಇಲ್ಲ. ನಿಮ್ಮ ಹುಲ್ಲಲ್ಲೇ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿದ್ರಾ?"

ಮಾಡಿಸಿರಲಿಲ್ಲ. ಮನುಷ್ಯರಿಗಾದರೆ ರಕ್ತಪರೀಕ್ಷೆ ಇಲ್ಲದೆ ಟಾನಿಕ್ಕಿಗಿಂತ ಹೆಚ್ಚಿನದೇನನ್ನೂ ಬರೆಯದ ಬದರೀನಾಥರು ತಲೆ ತಗ್ಗಿಸಿದರು.

"ಇದಕ್ಕೆ ಮದ್ದು?"

"ಇಲ್ಲ. ಪುಡಿ ನಿಲ್ಲಿಸಿ. ಹುಲ್ಲು ಕೂಡ ಬೇರೆ ಕಡೆಯಿಂದ ತರಿಸಿ. ಹೊಸ ಗೊರಸು ಬೆಳೆದ ಹಾಗೆ ಸೀಳು ಕೆಳಗೆ ಇಳೀತಾ ಬರಬೇಕು. ವರ್ಷ ಹಿಡಿಯುತ್ತೆ. ಅಷ್ಟರೊಳಗೆ ಗೊರಸೇ ಕಳಚಿ ಬಂದರೆ ನನಗೆ ಫೋನ್ ಮಾಡಿ." ಆಗ ಕುದುರೆಯನ್ನು ನೋವಿಲ್ಲದ ಸೂಜಿಯಿಂದ ಕೊನೆಗಾಣಿಸಬೇಕಾಗುತ್ತದೆಂದು ಬದರೀನಾಥರಿಗೆ ಅರ್ಥವಾಯಿತು. "ಸದ್ಯ ಅದು ಎಷ್ಟು ಕಡಿಮೆ ನಡೆದರೆ ಅಷ್ಟು ಒಳ್ಳೇದು. ಟ್ರೇಲರಂತೂ ಬೇಡ."

ರಜ ಶುರುವಾಗಿ ಕುಶಾಲ್ ಮಗಳೊಂದಿಗೆ ಬಂದ. ಫೋನಿನಲ್ಲಿ ಎಲ್ಲ ಹೇಳಿದ್ದರೂ ಹಂಸಾ ಬಾಲವನ್ನು ನೋಡಿ ನಿಂತುಬಿಟ್ಟಳು. ಅಲ್ಲಿ ಉಳಿದದ್ದು ಕಸಬರಿಗೆಯ ಮೋಟಿನಷ್ಟು.

"ತಾತಾ, ವೈ?" ಎಂದಳು. ಉಳಿದದ್ದನ್ನೂ ಇಂಗ್ಲಿಷಿನಲ್ಲೇ ಕೇಳಿದಳು: ಅವನಿಗೇನೂ ಆಗಿರಲಿಲ್ಲವಲ್ಲ, ಹುಲ್ಲು ತಿಂದುಕೊಂಡು ಚೆನ್ನಾಗಿದ್ದನಲ್ಲ, ಯಾಕೆ ಕೊಟ್ಟಿರಿ?

ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲಕ್ಕೆ ಬೇಲಿ ಏನು ಹೇಳಬೇಕು?

"ಬಿಡಮ್ಮಾ, ಪ್ರೀತಿಯಿಂದ ತಾನೇ ಮಾಡಿದ್ದು," ಎಂದ ಕುಶಾಲ್. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಖಾಲಿ ಟ್ರೇಲರು ಹಿಂದಿರುಗಿತು. ಹೊರಡುವಾಗ ಹಂಸಾ ಸೀಳು ಎಲ್ಲಿದೆಯೆಂದು ತನ್ನ ಬೆರಳಿನಿಂದ ಅಳೆದು ತೋರಿಸಿ, ಪ್ರತಿ ಭಾನುವಾರ ಫೋನಿನಲ್ಲಿ ಹೇಳಬೇಕೆಂದು ಮಾತು ತೆಗೆದುಕೊಂಡಳು.

ನೀರಿನ ತೊಟ್ಟಿಯ ಬಳಿ ಮರಳು ಹರವಿ, ಕಾಜುವಿಗೆ ಸಣ್ಣದೊಂದು ಆವರಣ ಮಾಡಿಸಿದರು. ಹುಲ್ಲು ಹಾಕುವುದು ಪದ್ಮಿನಿಯ ಪಾಲಿಗೆ ಬಂತು. ಅವಳನ್ನು ಕಂಡರೆ ಅದು ನಿಂತಲ್ಲೇ ನಿಂತಿರುತ್ತಿತ್ತು. ಬದರೀನಾಥರನ್ನು ಕಂಡರೆ ಮಾತ್ರ ಹೊರಡುತ್ತಿತ್ತು. ಬಾಲ್ದಿ ತರುವವರು ಅವರಲ್ಲವೇ? ಹತ್ತು ಹೆಜ್ಜೆಯ ಜಾಗವನ್ನು ಒಂದೊಂದೇ ಕಾಲು ಎತ್ತಿ, ತಡೆದು, ಇಟ್ಟು, ಬಂದು ಅವರ ಖಾಲಿ ಅಂಗೈ ಮೂಸುತ್ತಿತ್ತು. ಎರಡು ದಿನ ನೋಡಿ ಅವರು ಅತ್ತ ಹೋಗುವುದನ್ನೇ ಬಿಟ್ಟರು. ಅಡುಗೆಮನೆಯ ಪರದೆಯ ಸಂದಿನಿಂದ ನೋಡುವರು.

ಪೂಜೆಗೆ ಕೂತರೆ ಬಾಯಿಗೆ ಪ್ರಾರ್ಥನೆ ಬರುತ್ತಿರಲಿಲ್ಲ. ಕೊಡು ಎಂದು ಬೇಡಿ ಅಭ್ಯಾಸ. ಕೊಟ್ಟದ್ದನ್ನು ಹಿಂದಕ್ಕೆ ತಕ್ಕೋ ಎಂದು ಬೇಡುವುದು ಹೇಗೆ?

ಭಾನುವಾರ ಬಂತು. ಸೀಳು ಇಳಿದಿದೆಯೋ ಇಲ್ಲವೋ ಎಂದು ಪರದೆಯ ಸಂದಿನಿಂದ ಕಾಣುವುದಿಲ್ಲ.

"ನೀ ನೋಡಿ ಬಾ," ಎಂದರು ಹೆಂಡತಿಗೆ.

"ನನಗೇನು ತಿಳೀತದರೀ ಗೊರಸಿಂದು? ಅಳತಿ ನಿಮಗ ತೋರಿಸ್ಯಾಳ ಹುಡುಗಿ."

ಚಪ್ಪಲಿ ಬಿಟ್ಟು, ಮನೆಯ ಹಿಂಬದಿಯ ಓಕ್ ಮರಗಳ ಸಾಲಿನಲ್ಲಿ ಕಳ್ಳನಂತೆ ಬಂದರು. ಕಾಜು ಅತ್ತ ಮುಖ ಮಾಡಿ ನಿಂತಿತ್ತು. ಇನ್ನು ನಾಲ್ಕು ಮಾರು ಇರುವಾಗ ಅದರ ಕಿವಿ ತಿರುಗಿದವು, ಆಮೇಲೆ ಕತ್ತು. ಮುಂಗಾಲನ್ನು ಎತ್ತಿ, ಗಾಳಿಯಲ್ಲಿ ತುಸು ತಡೆದು, ಮರಳಿಗಿಟ್ಟಿತು.

"ಬ್ಯಾಡಪಾ," ಎಂದರು ಬದರೀನಾಥರು, ಎರಡೂ ಕೈ ಮುಂದೆ ಹಿಡಿದು. "ಬರಬ್ಯಾಡ. ಅಲ್ಲೇ ನಿಂದರು."

ಆ ದನಿ ಕೇಳಿದ್ದೇ ಕಾಜು ಇನ್ನೊಂದು ಕಾಲನ್ನೂ ಎತ್ತಿತು.