ಶಂಕ್ರೆವ್ವನ ಲಾಳಿ

ನಳದ ನೀರು ಕೊಡ ತುಂಬಿ ಹೊರಚೆಲ್ಲಿ, ಸಾಯಿಮಾಳ ಪಾದ ತೋಯಿಸಿ, ಹೊಸ್ತಿಲ ಕಡೆಗೆ ಹರಿಯತೊಡಗಿತ್ತು. ಅವಳು ನೋಡುತ್ತಲೇ ನಿಂತಿದ್ದಳು. ಗದಗಿನ ಆ ಓಣಿಯಲ್ಲಿ ನೀರು ಬಂದ ದಿನ ಹನಿ ಚೆಲ್ಲಿದರೂ ನಾಲ್ಕು ಮಂದಿ ಆಡಿಕೊಳ್ಳುತ್ತಾರೆ. ಅತ್ತೆ ಮೋತಿಬಿ ಬಂದು ಕೊಡ ಸರಿಸಿ ಹಂಡೆಯನ್ನು ನಳದಡಿ ಎಳೆದಳು. ಸಾವಿನ ಮೂರನೇ ದಿನದ ಜಿಯಾರತ್ ಮುಗಿಸಿದ ನೆಂಟರು ಹಿಂದಿನ ಸಂಜೆಯೇ ಶಿರಹಟ್ಟಿ, ಲಕ್ಷ್ಮೇಶ್ವರದ ಬಸ್ಸು ಹತ್ತಿದ್ದರು. ನೀರು ತುಂಬುವುದು ಗಂಡ ಅಶ್ಫಾಕನ ಕೆಲಸವಾಗಿತ್ತು, ಮುಂಡರಗಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಳ್ಳುವವರೆಗೆ.

ಹಂಡೆ ತುಂಬುವಷ್ಟರಲ್ಲಿ ನಂದೀಶನ ಫೋನು ಬಂತು. ಗಂಡ ಹೆಂಡತಿ ಇಬ್ಬರೂ ಅವನ ಕಚೇರಿಗೆ ದುಡಿಯುತ್ತಿದ್ದರು, ಅಶ್ಫಾಕ ಫೋಟೊ ತೆಗೆದು, ಸಾಯಿಮಾ ಬರೆದು. ಜಿಲ್ಲೆಯ ಸರಕುಗಳನ್ನು ಮಾರುವ ಆ ಕಚೇರಿಯ ವೆಬ್‌ಸೈಟಿನ ಲೇಖನಗಳನ್ನು ನಾಲ್ವರು ನಾಲ್ಕು ಬಗೆಯಾಗಿ ಬರೆಯುತ್ತಿದ್ದರು. ಒಬ್ಬರ ಶೀರ್ಷಿಕೆ ಮಾರುದ್ದ, ಇನ್ನೊಬ್ಬರದು ಎರಡೇ ಪದ. ಒಂದೇ ಸೀರೆಗೆ ಮೂರು ಹೆಸರು. ಎಲ್ಲರಿಗೂ ಒಂದೇ ನಿಯಮ ಬರೆದುಕೊಡುವ ಕೆಲಸ, ಧಾರವಾಡದಲ್ಲಿ ಎಂ.ಎ. ಮಾಡಿದವಳೆಂದು, ಸಾಯಿಮಾಳಿಗೆ ಬಂದಿತ್ತು. ಶೀರ್ಷಿಕೆ ಚಿಕ್ಕದಿರಲಿ. ಜನ ಹುಡುಕುವ ಪದ ಮೊದಲ ಸಾಲಿನಲ್ಲೇ ಬರಲಿ, ಆದರೆ ಸಾಲುಸಾಲಿಗೂ ತುರುಕುವುದು ಬೇಡ. ಇಷ್ಟು ಆಗಿತ್ತು. ಸರಕನ್ನು ಯಾವ ಹೆಸರಿನಿಂದ ಕರೆಯಬೇಕೆಂಬ ಒಂದು ನಿಯಮ ಬಾಕಿ ಉಳಿದಿತ್ತು.

ನಂದೀಶ ಮೊದಲು ತಡವರಿಸಿದ, ಊಟ ಮಾಡುತ್ತೀರೋ ಇಲ್ಲವೋ ಎಂದು ವಿಚಾರಿಸಿದ. ಆಮೇಲೆ, ಮಧ್ಯಾಹ್ನದೊಳಗೆ ನಿಯಮ ಕಳಿಸಬೇಕೆಂದ. ಬೆಟಗೇರಿ ಸೀರೆ ಎಂದು ಯಾರೂ ಹುಡುಕುವುದಿಲ್ಲ, ಹುಡುಕುವುದು ಇಳಕಲ್ ಎಂದು. ಹಾಗಾಗಿ ಎಲ್ಲ ಕಡೆ ಇಳಕಲ್ ಸೀರೆ ಎಂದೇ ಹಾಕಿಬಿಡಿ ಎಂದ.

"ಈ ಸೀರಿ ಇಳಕಲ್ಲಾಗ ನೇದಿಲ್ಲಲ್ರಿ."

"ಹುಡುಕಾವ್ರಿಗೆ ಅದೇನ ಗೊತ್ತಾಗತೈತ್ರಿ ಮೇಡಂ?"

"ನೇದಾಕಿಗೆ ಗೊತ್ತಾಗತೈತಿ."

ಗೋಡೆಯ ಮಾಡದಲ್ಲಿ ಆ ಸೀರೆ ನೇಯುವ ಶಂಕ್ರೆವ್ವನ ಮಗ್ಗದ ಲಾಳಿ ಇತ್ತು. ಫೋಟೊಕ್ಕೆಂದು ಅಶ್ಫಾಕ ಅದನ್ನು ಕೇಳಿದಾಗ ಬೆಟಗೇರಿಯ ಆ ಮುದುಕಿ, ಸೀರೆಗೆ ತನ್ನ ಊರಿನ ಹೆಸರು ಹಾಕುವುದಾದರೆ ಒಯ್ಯಿ, ಇಲ್ಲವಾದರೆ ಮುಟ್ಟಬೇಡ ಎಂದಿದ್ದಳು. ಅವನು ಎದೆಯ ಮೇಲೆ ಕೈಯಿಟ್ಟು ಒಪ್ಪಿದ್ದನ್ನು ಸಾಯಿಮಾ ಪಕ್ಕದಲ್ಲೇ ನಿಂತು ನೋಡಿದ್ದಳು.

ಇಳಕಲ್ ಸೀರೆಯನ್ನು ಹೋಲುತ್ತದೆ ಎಂದು ಒಳಗೆಲ್ಲಾದರೂ ಒಂದು ಸಾಲು ಬರೆದರೆ ಹುಡುಕುವವರಿಗೂ ಸಿಗುತ್ತದೆ ಎಂದು ಅವಳು ಹೇಳಿ ನೋಡಿದಳು. ನಂದೀಶ ಕೇಳಲಿಲ್ಲ. ಶೀರ್ಷಿಕೆಯಲ್ಲೇ ಬೇಕು.

"ಅಶ್ಫಾಕ ಇದ್ದಿದ್ರ ತಿಳ್ಕೊತಿದ್ದ ಬಿಡ್ರಿ," ಎಂದ.

"ಅವ ಇಲ್ಲ. ನಾ ಅದೇನಿ."

ಹಾಗಾದರೆ ಮುಂದಿನ ಲೇಖನಗಳನ್ನು ಬೇರೆಯವರಿಂದ ಬರೆಸುತ್ತೇನೆ, ಆಮೇಲೆ ಬೇಜಾರಾಗಬೇಡಿ ಎಂದ. ಇನ್ನು ಮನೆ ನಡೆಯಬೇಕಾದದ್ದು ಆ ಬರವಣಿಗೆಯಿಂದಲೇ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಬರಸ್ರಿ," ಎಂದಳು.

ಫೋನಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೊನೆಯ ನಿಯಮ ಬರೆದಳು: ಮಾಡಿದವರು ಕರೆಯುವ ಹೆಸರೇ ಸರಕಿನ ಹೆಸರು, ಶೀರ್ಷಿಕೆಯಲ್ಲಿ ಅದೇ ಇರಬೇಕು. ನಂದೀಶನಿಗಷ್ಟೇ ಅಲ್ಲ, ಉಳಿದ ಮೂವರು ಬರೆಯುವವರಿಗೂ ಕಳಿಸಿದಳು. ಆಮೇಲೆ, ಊರಿನ ಹೆಸರು ಉಳಿಯುವ ಖಾತ್ರಿಯಿಲ್ಲದ್ದರಿಂದ ಶಂಕ್ರೆವ್ವನಿಗೆ ಮರಳಿಸಲೆಂದು, ಲಾಳಿಯನ್ನು ಎತ್ತಿಕೊಂಡಳು.

ಮೋತಿಬಿ ಬಾಗಿಲಿಗೆ ಅಡ್ಡ ಬಂದಳು. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಯದೆ ವಿಧವೆ ಹೊಸ್ತಿಲು ದಾಟುವುದೇ? ಮೈದುನ ಮುಸ್ತಾಕ ಕೊಟ್ಟು ಬರುತ್ತಾನೆ ಎಂದಳು.

"ಮಾತ ಕೊಟ್ಟಾಗ ಮುಸ್ತಾಕ ಇರ್ಲಿಲ್ಲ, ಅಮ್ಮಾ. ನಾ ಇದ್ದೆ."

ಮುದುಕಿ ಸೊಸೆಯ ಮುಖ ನೋಡಿದಳು, ಲಾಳಿಯನ್ನು ನೋಡಿದಳು. ಗೂಟದ ಮೇಲಿನ ಬುರ್ಖಾ ತಾನೇ ತಂದುಕೊಟ್ಟಳು. "ಹಗಲ ಹೋಗಿ ಹಗಲ ಬಾ. ಕೇಳಿದವ್ರಿಗೆ ನಾ ಹೇಳತೇನಿ."

ಬೆಟಗೇರಿಯಲ್ಲಿ ಶಂಕ್ರೆವ್ವ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಸಾಯಿಮಾ ನಿಯಮ ಬರೆದದ್ದನ್ನೂ, ಕಚೇರಿಯವರು ಅದನ್ನು ಪಾಲಿಸುವುದು ಅನುಮಾನವೆಂಬುದನ್ನೂ, ತನ್ನ ಕೆಲಸ ಹೋದದ್ದನ್ನೂ ನಾಲ್ಕು ಮಾತಿನಲ್ಲಿ ಹೇಳಿದಳು. ಶಂಕ್ರೆವ್ವ ಸಮಾಧಾನದ ಮಾತಾಡಲಿಲ್ಲ.

"ನಿನ್ನ ಗಂಡ ಫೋಟೊ ತಗೀತೇನಂತ ಈ ಮಗ್ಗದ ಬುಡಕ ಅಂಗಾತ ಮಲಗಿದ್ದ ನೋಡ ತಂಗಿ. ಎದ್ದ ಮ್ಯಾಲೆ ಗಡ್ಡದ ತುಂಬ ನೂಲ. ಹಂಗ ಬೈಕ್ ಹತ್ತಿ ಹೋದ, ಖಬರಿಲ್ಲ ಅವಗ."

ಸಾಯಿಮಾಳಿಗೆ ನಗು ಬಂದೇಬಿಟ್ಟಿತು. ಬಾಯಿಗೆ ಕೈ ಅಡ್ಡ ಹಿಡಿದಳು.

ಶಂಕ್ರೆವ್ವ ಲಾಳಿಯನ್ನು ಮಗುಚಿ ನೋಡಿದಳು. ಒಳಗೆ ನೂಲು ಸುತ್ತುವ ಕಂಡಿಕೆಯಲ್ಲಿ, ಅಶ್ಫಾಕ ಒಯ್ದ ದಿನದ ಕೆಂಪು ನೂಲು ಅರ್ಧ ಹಾಗೆಯೇ ಇತ್ತು. ಅದನ್ನು ತೆಗೆದು ಹೊಸದು ಹಾಕಲಿಲ್ಲ. ನೂಲಿನ ತುದಿಯನ್ನು ಬೆರಳಲ್ಲಿ ಹೊಸೆದು, ಲಾಳಿಯನ್ನು ಹಾಸಿನ ಎಳೆಗಳೊಳಗೆ ತೂರಿದಳು. ಅದು ಆ ಬದಿಗೆ ಹೋಯಿತು, ಈ ಬದಿಗೆ ಬಂತು. ಕಂಡಿಕೆ ಬರಿದಾಗುವವರೆಗೆ ಸಾಯಿಮಾ ಮಗ್ಗದ ಪಕ್ಕದ ನೆಲದ ಮೇಲೆ ಕೂತೇ ಇದ್ದಳು.