ಹಾಲು ನೀರು ಬೇರೆಯಾದ ಸಂಜೆ

ಮಾನಸ ಸರೋವರದಿಂದ ರಾಜಹಂಸವೊಂದನ್ನು ಕಂಕುಳಲ್ಲಿರಿಸಿಕೊಂಡು, ಬರಿಗಾಲಲ್ಲಿ, ಒಂಬತ್ತೇ ದಿನಗಳಲ್ಲಿ ನಮ್ಮೂರಿಗೆ ನಡೆದು ಬಂದವನು ಈ ಭೂಮಂಡಲದಲ್ಲಿ ನಾನೊಬ್ಬನೇ. ದಾರಿಯಲ್ಲಿ ಹಂಸಕ್ಕೆ ನೆಗಡಿಯಾಯಿತು. ನನಗೆ ಒಂದು ಸೀನೂ ಬರಲಿಲ್ಲ. ಇಂದಿಗೂ ಕಣ್ಣು ಮುಚ್ಚಿದರೆ ಆ ಬಿಳಿಯ ಕತ್ತು ಬೆಳ್ಳಿ ಬಟ್ಟಲಿನತ್ತ ಬಾಗುವುದೇ ಕಾಣುತ್ತದೆ.

ಬಟ್ಟಲು ಅಳಸಿಂಗಾಚಾರ್ಯರದು. ನಲವತ್ತು ವರ್ಷ ದಿನಾ ಸಂಜೆ ಮಂಟಪದಲ್ಲಿ ಪುರಾಣ ಹೇಳಿದವರು ಅವರು. ಪುರಾಣದಲ್ಲಿರುವುದೆಲ್ಲ ಅಕ್ಷರಶಃ ನಿಜವೆಂಬುದು ಅವರ ಪಟ್ಟು. ಮುಂದಿನ ಸಾಲಿನಲ್ಲಿ ಒಂದು ದಿನವೂ ತಪ್ಪದೆ ಕೂರುತ್ತಿದ್ದವರು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾದಪ್ಪ ಮೇಷ್ಟರು. ಪರೀಕ್ಷೆ ಮಾಡಿ ನೋಡದ ಹೊರತು ಯಾವುದೂ ನಿಜವಲ್ಲವೆಂಬುದು ಇವರ ಪಟ್ಟು.

ಒಂದು ಸಂಜೆ ಆಚಾರ್ಯರು, ಹಾಲಿಗೆ ನೀರು ಬೆರೆಸಿಟ್ಟರೆ ಹಂಸ ಎರಡನ್ನೂ ಬೇರ್ಪಡಿಸುತ್ತದೆ ಎಂದರು.

“ಹಾಗಿದ್ರೆ ನಮ್ಮ ಹಾಲಿನವನ ಮನೆ ಮುಂದೆ ಒಂದು ಹಂಸ ಕಟ್ಟಿಹಾಕೋಣ, ಆಚಾರ್ರೇ,” ಎಂದರು ಮೇಷ್ಟರು.

ಮಂಟಪವೆಲ್ಲ ನಕ್ಕಿತು. ಆಚಾರ್ಯರ ಮುಖ ಕೆಂಪಾಯಿತು. “ಹಂಸ ತನ್ನಿ ಮೇಷ್ಟ್ರೇ, ನೋಡೇ ಬಿಡೋಣ. ಬೇರ್ಪಡಿಸದೆ ಹೋದ್ರೆ ಈ ಪುಸ್ತಕ ಕಟ್ಟಿಡ್ತೀನಿ. ಮತ್ತೆ ಬಿಚ್ಚೋದಿಲ್ಲ.”

ನಗು ನಿಂತಿತು. ಎಲ್ಲರಿಗಿಂತ ಹೆಚ್ಚು ಬಾಡಿದ್ದು ಮೇಷ್ಟರ ಮುಖ. ಹಂಸ ಸಿಗುವುದಾದರೂ ಎಲ್ಲಿ? ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಸಭೆಯಲ್ಲಿ ನಾನಿದ್ದೆ.

“ನಾನು ತರ್ತೀನಿ,” ಎಂದೆ. ತಂದೇಬಿಟ್ಟೆ.

ಆ ದಿನ ಮಂಟಪಕ್ಕೆ ಹದಿನಾಲ್ಕು ಲೋಕದ ಜನ ಬಂದಿದ್ದರು. ಬಟ್ಟಲಿನಲ್ಲಿ ಅರ್ಧ ಬಿಸಿಹಾಲು, ಅರ್ಧ ನೀರು. ಹಂಸ ಕತ್ತು ಬಾಗಿಸಿ ಕೊಕ್ಕು ಅದ್ದಿತು. ನೋಡನೋಡುತ್ತಲೇ ಹಾಲೆಲ್ಲ ಗಡ್ಡೆಗಟ್ಟಿ ಒಂದು ಕಡೆ, ತಿಳಿನೀರು ಒಂದು ಕಡೆ! ಆಚಾರ್ಯರ ಕಣ್ಣು ತುಂಬಿತು.

ಮೇಷ್ಟರು ಎದ್ದು ನಿಂತರು. “ಕೊಕ್ಕಲ್ಲಿ ಹುಳಿಯಿದ್ರೆ ಹಾಲು ಒಡೀಲೇಬೇಕು. ವಿಜ್ಞಾನವೂ ಒಪ್ಪುತ್ತೆ, ಆಚಾರ್ರೇ. ಮುಂದಿನ ಅಧ್ಯಾಯ ಓದಿ.”

“ಆ ಹುಳಿ ಎಲ್ಲಿಂದ ಬಂತು ಗೊತ್ತೇನ್ರೋ? ಕೊಕ್ಕಿಗೆ ನಿಂಬೆರಸ ಸವರಿದವನು ನಾನು! ಪುರಾಣಕ್ಕೂ ವಿಜ್ಞಾನಕ್ಕೂ ರಾಜಿ ಮಾಡಿಸಿದವನು ನಾನು!” ಎಂದು ಮೊನ್ನೆ ಅದೇ ಮಂಟಪದ ಕಟ್ಟೆಯ ಮೇಲೆ ಹುಡುಗರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಹಿಂದೆ ಯಾರೋ ಕೆಮ್ಮಿದರು. ತೊಂಬತ್ತು ದಾಟಿದ ಮೇಷ್ಟರು, ಕೋಲೂರಿಕೊಂಡು ನಿಂತಿದ್ದರು.

“ಯಾವ ಕೈಯಲ್ಲಿ ಸವರಿದೆಯೋ?”

“ಬಲಗೈಯಲ್ಲಿ, ಮೇಷ್ಟ್ರೇ.”

“ಆವತ್ತು ನಿನ್ನ ಎರಡು ಕೈಯೂ ಕಂಬ ತಬ್ಬಿಕೊಂಡಿದ್ವಲ್ಲಪ್ಪ!”

ಇನ್ನು ಮುಚ್ಚಿಟ್ಟು ಫಲವಿಲ್ಲ. ಅದು ಹಂಸವಲ್ಲ, ಎಣ್ಣೆಗಾಣದ ಮನೆಯ ಕಾವಲಿಗಿದ್ದ ಹೆಬ್ಬಾತು. ನಾನು ನಡೆದದ್ದು ಎರಡು ಬೀದಿ. ಕೆಳಗೆ ಬಿಟ್ಟೊಡನೆ ಅದು ಹಾಲನ್ನು ಮೂಸಿಯೂ ನೋಡದೆ ನನ್ನ ಮೀನಖಂಡ ಕಚ್ಚಿತು; ನಾನು ಕಂಬ ಹತ್ತಿದೆ. ಆಚಾರ್ಯರೂ ಸೇರಿ ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದಾಗ, ಮೇಷ್ಟರು ಜುಬ್ಬದ ಜೇಬಿನಿಂದ ಅರ್ಧ ಹೋಳು ನಿಂಬೆಹಣ್ಣು ತೆಗೆದು ಬಟ್ಟಲಿಗೆ ಹಿಂಡಿದ್ದು ಕಂಬದ ತುದಿಯಲ್ಲಿದ್ದ ನನಗೊಬ್ಬನಿಗೇ ಕಂಡಿತು. ಬಾತು ಕೊಕ್ಕು ಅದ್ದಿದ್ದು ಆಮೇಲೆ.

ಯಾಕೆ ಹಾಗೆ ಮಾಡಿದಿರೆಂದು ಮೇಷ್ಟರನ್ನು ಅಂದೇ ಕೇಳಿದ್ದೆ. “ಆಚಾರ್ರು ಪುಸ್ತಕ ಕಟ್ಟಿಟ್ರೆ ಸಂಜೆ ನಾನು ಯಾರ ಹತ್ರ ಜಗಳಾಡ್ಲಿ?” ಎಂದಿದ್ದರು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಜನ ಚದುರಿದ ಮೇಲೆ ಬಟ್ಟಲು ತೊಳೆಯುತ್ತಿದ್ದ ಆಚಾರ್ಯರಿಗೆ ತಳದಲ್ಲಿ ಒಂದು ನಿಂಬೆಬೀಜ ಸಿಕ್ಕಿತು. ಬಹಳ ಹೊತ್ತು ಅದನ್ನು ನೋಡಿದರು. ದೂರ ಹೋಗುತ್ತಿದ್ದ ಮೇಷ್ಟರ ಬೆನ್ನನ್ನೂ ನೋಡಿದರು. ಬೀಜವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆಚಾರ್ಯರು ಹೋಗಿ ಎಷ್ಟೋ ವರ್ಷವಾಯಿತು. ಮಂಟಪದ ಹಿಂದೆ ಅವರು ನೆಟ್ಟ ನಿಂಬೆಗಿಡವಿದೆ. ಅದರ ಹಣ್ಣು ಕುಂಬಳಕಾಯಿ ಗಾತ್ರ ಎನ್ನಲು ನನ್ನ ನಾಲಿಗೆ ತುರಿಸುತ್ತದೆ. ಆದರೆ ಸಂಜೆಯ ಹೊತ್ತು ಮೇಷ್ಟರು ಅದರ ಬುಡಕ್ಕೆ ನೀರು ಹಾಕುತ್ತಿರುತ್ತಾರೆ. ಹಣ್ಣು ಗೋಲಿ ಗಾತ್ರದ್ದು.